ಕ್ರೈಸ್ತಭಕ್ತಿಯೂ ದೇಶೀಯ ಛಂದಸ್ಸೂ

ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಕ್ರೈಸ್ತ ಮಿಷನರಿಗಳಿಗೆ ಸಲ್ಲುವ ಗೌರವವು ನಿಘಂಟು, ವ್ಯಾಕರಣ, ಮುದ್ರಣ ಈ ಮೂರರ ಋಣಸ್ಮರಣೆಯಲ್ಲಿಯೇ ಬಹುಮಟ್ಟಿಗೆ ಮುಗಿಯುವುದು. ಅವರು ಶೋಧಿಸಿ ಅಚ್ಚುಮಾಡಿದ ಗ್ರಂಥಗಳನ್ನು ನಾವು ಓದುವೆವು. ಅವರೇ ರಚಿಸಿದ ಕನ್ನಡವನ್ನು ಓದುವುದಿಲ್ಲ. ಒಂದು ಹೊಸ ಮತವು ಒಂದು ಹಳೆಯ ಭಾಷೆಯನ್ನು ಪ್ರವೇಶಿಸಿದಾಗ ಅದರ ಪದಗಳನ್ನು ಮಾತ್ರ ಕಡವಾಗಿ ಪಡೆಯುವುದೋ, ಅದರ ಲಯವನ್ನೂ ಅಂಗೀಕರಿಸುವುದೋ ಎಂಬುದು ಶುದ್ಧವಾದ ಸಾಹಿತ್ಯಪ್ರಶ್ನೆ. ಇದನ್ನು ಮತಪ್ರಚಾರದ ಚರ್ಚೆಗೆ ಬಿಟ್ಟುಕೊಟ್ಟಿರುವುದರಿಂದ ನಷ್ಟವಾಗಿರುವುದು ವಿಮರ್ಶೆಗೇ ಹೊರತು ಮತಕ್ಕಲ್ಲ.

ಹೋಲಿಕೆಯಿಂದ ವಿಷಯವು ಸ್ಫುಟವಾಗುವುದು. ಕಳೆದ ಬೇಸಗೆಯ ವಿರಾಮವನ್ನು ಈ ಲೇಖಕನು ನಾಗಲಮಡಿಕೆಯಲ್ಲಿದ್ದುಕೊಂಡು ಹಾವಾಯಿ ದ್ವೀಪಗಳ ಸಂಸ್ಕೃತಿಯನ್ನೂ ಅಲ್ಲಿಯ ಕ್ರೈಸ್ತಧರ್ಮದ ಇತಿಹಾಸವನ್ನೂ ಕುರಿತ ಗ್ರಂಥಗಳ ವ್ಯಾಸಂಗದಲ್ಲಿ ಕಳೆದನು. ಅಮೆರಿಕದ ಮಿಷನರಿಗಳು ೧೮೨೦ರಲ್ಲಿ ಆ ದ್ವೀಪಗಳಿಗೆ ಬಂದರು. ೧೮೨೨ರಲ್ಲಿ ಅಲ್ಲಿ ಮುದ್ರಣವು ಮೊದಲಾಯಿತು. ೧೮೩೯ರಲ್ಲಿ ಬೈಬಲ್ಲು ಸಮಗ್ರವಾಗಿ ಹಾವಾಯಿಭಾಷೆಗೆ ಇಳಿಯಿತು. ಲಿಪಿಯಿಲ್ಲದ ಭಾಷೆಗೆ ೧೮೨೬ರಲ್ಲಿ ಐದು ಸ್ವರ ಏಳು ವ್ಯಂಜನಗಳ ಅಕ್ಷರಮಾಲೆಯು ಸ್ಥಿರವಾಯಿತು. ಆದರೆ ಆ ಬರವಣಿಗೆಯಲ್ಲಿ ಹ್ರಸ್ವದೀರ್ಘಗಳ ಭೇದಕ್ಕೆ ಸ್ಥಾನವಿರಲಿಲ್ಲ. ೧೮೩೦ರಲ್ಲಿ ಕ್ರೈಸ್ತಳಾಗಿದ್ದ ರಾಣಿ ಕಾಅಹುಮನು ‘ಹುಲಾ’ ನೃತ್ಯವನ್ನು ಸಾರ್ವಜನಿಕವಾಗಿ ನಡೆಸಕೂಡದೆಂದು ಆಜ್ಞಾಪಿಸಿದಳು. ಹುಲಾ ಎಂಬುದು ಬರಿಯ ಕುಣಿತವಲ್ಲ. ‘ಮೆಲೆ’ ಎಂಬ ಅವರ ಕಾವ್ಯವು ಉಳಿದಿದ್ದುದು ಕಂಠದಲ್ಲಿ ಮತ್ತು ಅಂಗಾಭಿನಯದಲ್ಲಿ. ಕುಣಿತವನ್ನು ತಡೆದರೆ ಕಾವ್ಯದ ಉಸಿರನ್ನೇ ತಡೆದಂತಾಯಿತು.

ಇನ್ನು ನಮ್ಮ ಕಡೆಗೆ ತಿರುಗೋಣ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸನ ಪರಿಶ್ರಮದಿಂದ ಕನ್ನಡ ಬೈಬಲ್ಲು ೧೮೩೧ರ ವೇಳೆಗೆ ಪೂರ್ಣವಾಗಿತ್ತು. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಇವರಿಗೆ ಎದುರಾದುದು ಲಿಪಿಯಿಲ್ಲದ ನುಡಿಯಲ್ಲ, ಸಾವಿರ ವರ್ಷಗಳ ಕಾವ್ಯಪರಂಪರೆ. ಮೋಗ್ಲಿಂಗನು ಜೈಮಿನಿಭಾರತ, ಬಸವಪುರಾಣಾದಿಗಳನ್ನು ಅಚ್ಚು ಹಾಕಿಸಿದುದಲ್ಲದೆ, ೧೮೫೦ರಲ್ಲಿ ಹರಿದಾಸರ ಪದಗಳನ್ನೂ ಮುದ್ರಿಸಿದನು. ಎದುರು ಪಕ್ಷದ ಮನಸ್ಸನ್ನು ಅರಿಯುವುದಕ್ಕಾಗಿಯೇ ಇದನ್ನು ಮಾಡಿದರೆಂದು ಹೇಳಬಹುದು, ಅದು ಸುಳ್ಳಲ್ಲ. ಆದರೆ ಉದ್ದೇಶವು ಯಾವುದಾದರೇನು, ಒಂದು ಮಿಷನ್ ನಿಷೇಧದ ಹಾದಿಗೆ ಬೆಂಬಲವಾಗಿ ನಿಂತಿತು, ಇನ್ನೊಂದು ಮುದ್ರಣದ ಹಾದಿ ಹಿಡಿಯಿತು. ಪರಿಣಾಮದಲ್ಲಿ ಈ ಅಂತರವು ಅಲ್ಪವಲ್ಲ.

ಹಾಗೆಂದು ಮಂಗಳೂರಿನವರನ್ನು ಕೇವಲ ಶ್ಲಾಘಿಸಿ ಸುಮ್ಮನಾಗುವುದು ವಿಮರ್ಶಕನ ಧರ್ಮವಲ್ಲ. ದಾಸರ ಪದಗಳನ್ನು ಅಚ್ಚು ಮಾಡಿದವರ ಸಭೆಗಳಲ್ಲಿಯೇ ಜರ್ಮನ್ ಗೀತಗಳು ಕನ್ನಡ ಮಾತಿನಲ್ಲಿ, ಜರ್ಮನ್ ರಾಗಗಳಿಗೆ ಹೊಂದಿ ಹಾಡಲ್ಪಟ್ಟವು. ಅಂಥ ರಾಗವು ನಡೆಯುವುದು ಒತ್ತಿನ ಮೇಲೆ; ಕನ್ನಡ ಪದ್ಯವು ನಡೆಯುವುದು ಮಾತ್ರೆಯ ಮೇಲೆ. ರಾಗದ ಒತ್ತು ಲಘುವಿನ ಮೇಲೆ ಬಿದ್ದು ಅದನ್ನು ಎಳೆಯುವುದು. ಗುರುವು ಬರಬೇಕಾದಲ್ಲಿ ಬರದೆ ಸಂಕೋಚಗೊಳ್ಳುವುದು. ದ್ವಿತೀಯಾಕ್ಷರ ಪ್ರಾಸಕ್ಕೆ ಬದಲಾಗಿ ಅಂತ್ಯಪ್ರಾಸವು ಆಳುವುದು. ಕಣ್ಣಿಗೆ ಕನ್ನಡವಾಗಿ ತೋರುವ ಪದ್ಯವು ಕಿವಿಗೆ ಹೊರಗಿನದಾಗಿಯೇ ಉಳಿಯುವುದು. ಹಾವಾಯಿಭಾಷೆಯ ಬರವಣಿಗೆಯಲ್ಲಿ ಲೋಪವಾದ ಹ್ರಸ್ವದೀರ್ಘಭೇದವು ಇಲ್ಲಿ ಲಿಪಿಯಲ್ಲಿ ಸುರಕ್ಷಿತವಾಗಿದ್ದರೂ ಹಾಡಿನಲ್ಲಿ ಲೋಪವಾಯಿತು.

ಈ ದೋಷವನ್ನು ಕಂಡುಕೊಂಡವರಲ್ಲಿ ಕಿಟ್ಟೆಲ್ ಪ್ರಮುಖನು. ೧೮೫೩ರಲ್ಲಿ ಇಲ್ಲಿಗೆ ಬಂದ ಆತನು ೧೮೬೨ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ, ದೇಶೀಯ ಮಟ್ಟುಗಳಲ್ಲಿ ಹೇಳಿದ ಕೃತಿ. ಆತನ ಗ್ರಂಥಗಳ ಕಾಲಕ್ರಮವನ್ನು ಗಮನಿಸಬೇಕು. ಶಬ್ದಮಣಿದರ್ಪಣದ ಮುದ್ರಣವು ೧೮೭೨ರದು, ನಾಗವರ್ಮನ ಛಂದೋಂಬುಧಿಯ ಪರಿಷ್ಕರಣವು ೧೮೭೫ರದು, ನಿಘಂಟು ೧೮೯೪ರದು. ಎಂದರೆ ಕನ್ನಡದಲ್ಲಿ ಪದ್ಯ ಕಟ್ಟುವ ಸಾಹಸವು ಮೊದಲು, ಛಂದಶ್ಶಾಸ್ತ್ರದ ಸಂಪಾದನೆಯು ಆಮೇಲೆ. ಕವಿತ್ವದ ಕಷ್ಟವೇ ಆತನನ್ನು ಪಾಂಡಿತ್ಯಕ್ಕೆ ಎಳೆದಿತೆಂದು ಊಹಿಸುವುದು ಅಯುಕ್ತವಲ್ಲ. ನಾವಾದರೋ ಫಲವನ್ನು ತೆಗೆದುಕೊಂಡು ಬೇರನ್ನು ಮರೆತೆವು.

ಛಂದಸ್ಸನ್ನು ಅಂಗೀಕರಿಸಿದವನು ಅದರೊಡನೆ ಬರುವ ಸಂಸ್ಕಾರಗಳನ್ನು ತಡೆಯಲಾರನು. ಷಟ್ಪದಿಯ ನಡೆಯಲ್ಲಿ ಕುಮಾರವ್ಯಾಸನ ದನಿ ಸುಳಿಯುವುದು. ಕೀರ್ತನದ ಪಲ್ಲವಿಯಲ್ಲಿ ದಾಸರ ದೈನ್ಯವು ಕೇಳಿಬರುವುದು. ಇದರಿಂದ ಕ್ರೈಸ್ತತತ್ತ್ವವು ಮಲಿನವಾಗುವುದೆಂದು ಅಂಜುವವರಿಗೆ ಒಂದು ಸಮಾಧಾನವಿದೆ. ಬೈಬಲ್ಲನ್ನು ‘ಸತ್ಯವೇದ’ವೆಂದು ಕರೆದಾಗಲೇ, ‘ಕೃಪೆ’ ‘ಪವಿತ್ರಾತ್ಮ’ ಎಂಬ ಮಾತುಗಳನ್ನು ಎತ್ತಿಕೊಂಡಾಗಲೇ, ಹಳೆಯ ಸಂಸ್ಕಾರವು ಒಳಗೆ ಬಂದಿತು. ಹಾವಾಯಿಯಲ್ಲಿಯೂ ದೇವರಿಗೆ ‘ಅಕುವ’ ಎಂಬ ಪ್ರಾಚೀನ ಶಬ್ದವೇ ಗತಿಯಾಯಿತು. ಪದಕ್ಕೆ ತೆರೆದ ಬಾಗಿಲನ್ನು ಲಯಕ್ಕೆ ಮುಚ್ಚುವುದರಲ್ಲಿ ನ್ಯಾಯವಿಲ್ಲ.

ಪಾವಗಡ ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆಯು ಅಂತ್ಯಸುಬ್ರಹ್ಮಣ್ಯವೆಂದು ಪ್ರಸಿದ್ಧವಾದ ಕ್ಷೇತ್ರ. ವರ್ಷವರ್ಷವೂ ಕುಕ್ಕೆಗೆ ಯಾತ್ರೆ ಹೋಗುತ್ತಿದ್ದ ಭಕ್ತನೊಬ್ಬನು ಮುಪ್ಪಿನಲ್ಲಿ ಹೋಗಲಾರದೆ ಹೋದಾಗ, ಸ್ವಾಮಿಯು ಸ್ವಪ್ನದಲ್ಲಿ ಅಭಯವಿತ್ತು, ಮಡಕೆಯ ಎಂದರೆ ನೇಗಿಲ ಮೊನೆಗೆ ನಾಗಶಿಲೆಯಾಗಿ ದೊರೆತನೆಂದು ಸ್ಥಳಪುರಾಣವು ಹೇಳುವುದು. ಚರಿತ್ರೆಯಾಗಿ ಇದರ ಬೆಲೆ ಏನೇ ಇರಲಿ, ವಿಮರ್ಶೆಗೆ ಇದೊಂದು ಒಳ್ಳೆಯ ದೃಷ್ಟಾಂತ. ದೂರದ ದೈವವು ಒಂದು ನೆಲದ್ದಾಗುವುದು ಹೊತ್ತು ತಂದು ನಿಲ್ಲಿಸಿದಾಗ ಅಲ್ಲ, ಆ ನೆಲದ ಉಳುಮೆಯಲ್ಲಿಯೇ ದೊರೆತಾಗ. ಕಾವ್ಯಕ್ಕೆ ಛಂದಸ್ಸೇ ಉಳುಮೆ.

ಹಾವಾಯಿಯ ಕಥೆಯೂ ನಿಷೇಧದಲ್ಲಿ ಮುಗಿಯಲಿಲ್ಲ. ೧೮೮೩ರಲ್ಲಿ ದೊರೆ ಕಲಾಕೌವನು ತನ್ನ ಪಟ್ಟಾಭಿಷೇಕದಲ್ಲಿ ಹುಲಾವನ್ನು ಬಹಿರಂಗವಾಗಿ ನಡೆಸಿದನು. ‘ಕುಮುಲಿಪೊ’ ಎಂಬ ೨,೧೦೨ ಪಂಕ್ತಿಗಳ ಸೃಷ್ಟಿಗೀತವನ್ನು ೧೮೮೯ರಲ್ಲಿ ಅಚ್ಚು ಮಾಡಿಸಿದನು. ಅವನ ತಂಗಿ ಲಿಲಿಯುವೊಕಲಾನಿಯು ೧೮೯೩ರಲ್ಲಿ ಸಿಂಹಾಸನವನ್ನು ಕಳೆದುಕೊಂಡು ೧೮೯೫ರಲ್ಲಿ ಸೆರೆಯಲ್ಲಿದ್ದಾಗ, ತಪ್ಪಿಗೆ ಕ್ಷಮೆಯನ್ನು ಬೇಡುವ ಕ್ರೈಸ್ತ ಪ್ರಾರ್ಥನಾಗೀತವನ್ನು ಸ್ವಭಾಷೆಯಲ್ಲಿ ರಚಿಸಿದಳು. ಅವಳೇ ಆ ಸೃಷ್ಟಿಗೀತವನ್ನು ಇಂಗ್ಲಿಷಿಗೆ ತಿರುಗಿಸಿ ೧೮೯೭ರಲ್ಲಿ ಪ್ರಕಟಿಸಿದಳು. ಪೂರ್ವಿಕರ ದೇವತೆಗಳ ವಂಶಗೀತವೂ ಯೇಸುವಿನ ಪ್ರಾರ್ಥನೆಯೂ ಒಂದೇ ಲೇಖನಿಯಿಂದ ಬಂದವು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ನಮ್ಮ ಅಧ್ಯಾಪಕರು ಈ ದೃಷ್ಟಿಯಿಂದ ಕ್ರೈಸ್ತ ಕನ್ನಡವನ್ನು ತರಗತಿಗೆ ತರುವುದು ಉಚಿತ. ದಾಸರ ಒಂದು ಪದವನ್ನೂ ಕಥಾಮಾಲೆಯ ಒಂದು ಭಾಗವನ್ನೂ ಜರ್ಮನ್ ರಾಗದ ಒಂದು ಗೀತವನ್ನೂ ಪಕ್ಕಪಕ್ಕದಲ್ಲಿರಿಸಿ, ಗಣ ಹಾಕಿಸಿ, ಗಟ್ಟಿಯಾಗಿ ಓದಿಸಲಿ. ಕೃತಜ್ಞತೆಯ ಔದಾರ್ಯವೂ ಬೇಡ, ಮತದ್ವೇಷದ ಕಾರ್ಪಣ್ಯವೂ ಬೇಡ; ಪದ್ಯವು ನಡೆಯಿತೇ ಎಡವಿತೇ ಎಂಬುದೊಂದನ್ನೇ ನೋಡೋಣ. ಕಿಟ್ಟೆಲನಿಗೆ ನಾವು ಸಲ್ಲಿಸಬೇಕಾಗಿ ಉಳಿದಿರುವ ಗೌರವವು ಇದೇ: ಆತನನ್ನು ಕನ್ನಡ ಕವಿಗಳಂತೆಯೇ ಪರೀಕ್ಷಿಸುವುದು.