ಬಯಲೆಂಬ ಮಾತು

ಎಲ್ಲೆಯಿಲ್ಲದುದನ್ನು ಹೇಳಲು ಸಂಸ್ಕೃತದಿಂದ ನಮಗೆ ಬಂದಿರುವ ಅನಂತ, ಅಪಾರ, ನಿಸ್ಸೀಮ ಎಂಬ ಪದಗಳೆಲ್ಲವೂ ಮೊದಲು ಒಂದು ಕೊನೆಯನ್ನೋ ದಡವನ್ನೋ ಗಡಿಯನ್ನೋ ಎದುರಿಗಿಟ್ಟು, ಬಳಿಕ ಅದನ್ನು ಅಲ್ಲಗಳೆಯತಕ್ಕವು. ಕನ್ನಡದ ಬಯಲಾದರೋ ಯಾವುದನ್ನೂ ನಿರಾಕರಿಸದೆ, ಕಣ್ಣಿಗೆ ಕಾಣುವ, ಕಾಲಿಗೆ ಸಿಕ್ಕುವ ನೆಲವನ್ನೇ ತೋರಿಸಿ ಆ ಅರ್ಥವನ್ನು ತಂದುಕೊಡುತ್ತದೆ. ಈ ಪದದಲ್ಲಿ ನನಗಿರುವ ಮೋಹಕ್ಕೆ ಇದೇ ಮೊದಲ ಕಾರಣ.

ಇದರ ಒಡಹುಟ್ಟಾದ ‘ವಯಲ್’ ತಮಿಳು ಮಲೆಯಾಳಗಳಲ್ಲಿ ಮುಖ್ಯವಾಗಿ ಗದ್ದೆಗೆ, ಎಂದರೆ ಬದು ಹಾಕಿ ನೀರು ನಿಲ್ಲಿಸಿದ ನೆಲಕ್ಕೆ, ಹೆಸರಾಗಿ ನಿಂತಿರಲು, ನಮ್ಮಲ್ಲಿ ಅದು ಬದುವನ್ನು ದಾಟಿ ಬಾನಿನವರೆಗೂ ಹಬ್ಬಿತು. ಹಿಂಗಾರಿನ ಜೋಳವನ್ನು ಕೊಯ್ದಾದ ಮೇಲೆ ರಾಯಚೂರು ಕಲಬುರಗಿಗಳ ಎರೆಹೊಲದಲ್ಲಿ ನಿಂತು ನೋಡಿದವರಿಗೆ, ಅಲ್ಲೊಂದು ಇಲ್ಲೊಂದು ಜಾಲಿಯ ಮರವನ್ನುಳಿದು ದೃಷ್ಟಿಗೆ ತಡೆಯೆಂಬುದೇ ಇಲ್ಲದಿರುವಾಗ, ಈ ಅರ್ಥವಿಸ್ತಾರಕ್ಕೆ ಬೇರೆ ವ್ಯಾಖ್ಯಾನವೇ ಬೇಕಾಗುವುದಿಲ್ಲ. ಇರುಳೆಲ್ಲ ನಡೆಯುವ ಬಯಲಾಟಕ್ಕೂ ಆ ಹೆಸರು ಬಂದುದು ಅದು ಗೋಡೆಯಿಲ್ಲದ ರಂಗವಾದುದರಿಂದಲೇ.

12ನೆಯ ಶತಮಾನದ ಶರಣರು, ಅವರಲ್ಲಿಯೂ ವಿಶೇಷವಾಗಿ ಅಲ್ಲಮಪ್ರಭುವು, ಹೊಲದ ಈ ಮಾತನ್ನು ಪರತತ್ತ್ವಕ್ಕೆ ಸಲ್ಲಿಸಿದ ರೀತಿಯು ನಮ್ಮ ಭಾಷೆಯ ಮಹಾಸಾಹಸಗಳಲ್ಲೊಂದು. ಶೂನ್ಯವೆಂಬ ಪರಿಭಾಷೆ ಅವರಿಗೆ ಹೊಸದಾಗಿರಲಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅವರ ವಚನಗಳನ್ನು ಸಂವಾದರೂಪವಾಗಿ ಪೋಣಿಸಿದ ಗ್ರಂಥಕ್ಕೆ ‘ಶೂನ್ಯಸಂಪಾದನೆ’ಯೆಂದೇ ಹೆಸರಾಯಿತು. ಹೀಗಿದ್ದೂ, ಶೂನ್ಯವೆಂಬಲ್ಲಿ ಬರಿದಾದ ಭಾವ ಮುಂದಾಗಿ ತೋರಿದರೆ, ಬಯಲೆಂಬಲ್ಲಿ ಗಾಳಿಯೂ ಬೆಳಕೂ ತುಂಬಿದ ತೆರಪು ಮನಸ್ಸಿಗೆ ಬರುವುದರಿಂದ, ಎರಡನೆಯದೇ ಹಿರಿದೆಂದು ನಾನು ಬಗೆದಿದ್ದೇನೆ. ಅಲ್ಲಮನ ಅಂಕಿತವನ್ನೊಮ್ಮೆ ನೋಡಿರಿ: ಗುಹೇಶ್ವರ! ಸುತ್ತಲೂ ಕಲ್ಲು ಕವಿದ ಗುಹೆಯ ಒಡೆಯನನ್ನು ಕರೆಯುತ್ತಲೇ ಆತನು ಬಯಲನ್ನು ನುಡಿದನು. ಮುಚ್ಚಿದುದೂ ತೆರೆದುದೂ ಬೇರೆಯಲ್ಲವೆಂಬ ಅವನ ಕಾಣ್ಕೆಯು ಆ ಒಂದು ಸಂಬೋಧನೆಯಲ್ಲಿಯೇ ಅಡಗಿದೆಯೆಂದು ನನಗನಿಸುತ್ತದೆ.

ಆ ಮಹಾನುಭಾವರಿಗೆ ಬಯಲಾಗುವುದೆಂದರೆ ನಾನು ನೀನೆಂಬುದಳಿದ ಕಡೆಯ ನಿಲವು. ಇಂದಿನ ಪತ್ರಿಕೆಗಳಲ್ಲಿ ಬಯಲಾಗುವುದು ಹಗರಣ, ಪಿತೂರಿ, ಕಳ್ಳಲೆಕ್ಕ. ಮರೆಯಿಂದ ಹೊರಬೀಳುವುದೆಂಬ ಈ ಅರ್ಥವೂ ಪದಕ್ಕೆ ಸಹಜವಾದುದೇ, ಅದನ್ನು ತಪ್ಪೆನ್ನಲಾರೆ. ಆದರೆ ಅದೊಂದೇ ಉಳಿದು ಮಿಕ್ಕುದೆಲ್ಲ ಮರೆತುಹೋದರೆ ನಮಗಾಗುವ ನಷ್ಟ ಸಣ್ಣದಲ್ಲ. ಬರೆಯುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಆಕಾಶವನ್ನೋ ಮನಸ್ಸನ್ನೋ ಕುರಿತು ‘ಅನಂತ’ವೆಂದು ಬರೆಯಹೊರಟಾಗ, ಅಲ್ಲಿ ‘ಬಯಲು’ ಸಲ್ಲುವುದೇ ಎಂದು ಒಮ್ಮೆ ಪರೀಕ್ಷಿಸಿ ನೋಡಿರಿ.