ಶೂನ್ಯವಾದಿಯ ದೋಣಿ

ಸಂಶೋಧನೆಯ ಮೊದಲ ವರ್ಷ ನಾನು ನಾಗಾರ್ಜುನನನ್ನು ಓದಿದ್ದು ತರ್ಕದ ಕಡೆಯಿಂದ. ‘ಮೂಲಮಧ್ಯಮಕಕಾರಿಕೆ’ ಬುದ್ಧನಿಗೆ ವಂದಿಸಿಯೇ ಆರಂಭವಾಗುತ್ತದೆ, ನಿಜ. ಆದರೆ ಮರುಗಳಿಗೆಯಲ್ಲೇ ಯಾವುದೂ ತನ್ನಿಂದಾಗಲಿ, ಬೇರೊಂದರಿಂದಾಗಲಿ ಹುಟ್ಟುವುದಿಲ್ಲ ಎಂಬ ವಾದಕ್ಕೆ ಇಳಿಯುತ್ತದೆ. ಇಲ್ಲಿ ಭಕ್ತಿಗೆ ಜಾಗವಿಲ್ಲ ಎಂದುಕೊಂಡಿದ್ದೆ. ಹಾಗಾಗಿ ಜಪಾನಿನ ಶಿನ್‌ರಾನ್ (1173–1263) ತನ್ನ ಪರಂಪರೆಯ ಏಳು ಆಚಾರ್ಯರಲ್ಲಿ ನಾಗಾರ್ಜುನನನ್ನೇ ಮೊದಲು ಎಣಿಸಿದ್ದು ತಿಳಿದಾಗ ಗೊಂದಲಕ್ಕೆ ಬಿದ್ದೆ. ಅಮಿತಾಭ ಬುದ್ಧನನ್ನು ನಂಬಿ, ಅವನ ಸುಖಾವತಿಯಲ್ಲಿ ಹುಟ್ಟಬೇಕೆಂದು ಹಂಬಲಿಸುವ ಪಂಥ ಅದು. ಹುಟ್ಟನ್ನೇ ಪ್ರಶ್ನಿಸಿದವನು ಅದಕ್ಕೆ ಗುರುವಾದದ್ದು ಹೇಗೆ?

ಸಾಮಾನ್ಯವಾಗಿ ಸಿಗುವ ಉತ್ತರ ‘ದಶಭೂಮಿಕವಿಭಾಷಾ’. ಕುಮಾರಜೀವನ ಚೀನೀ ಅನುವಾದದಲ್ಲಿ ಮಾತ್ರ ಉಳಿದಿರುವ ಈ ಕೃತಿ ಬೋಧಿಸತ್ವನಿಗೆ ಎರಡು ದಾರಿಗಳನ್ನು ತೋರಿಸುತ್ತದೆ: ಕಷ್ಟದ ದಾರಿ ನೆಲದ ಮೇಲಿನ ಕಾಲ್ನಡಿಗೆಯಂತೆ, ಸುಲಭದ ದಾರಿ ನೀರಿನ ಮೇಲಿನ ದೋಣಿಯಂತೆ. ದೋಣಿಯ ಈ ಹೋಲಿಕೆಯನ್ನು ಎಲ್ಲರೂ ನೆನೆಯುತ್ತಾರೆ; ಅದರ ಹಿಂದಿನ ಗದರಿಕೆಯನ್ನು ಮರೆಯುತ್ತಾರೆ. ಸುಲಭದ ದಾರಿ ಕೇಳುವುದು ಅಂಜುಬುರುಕರ ಮಾತು ಎಂದು ಬೈದ ಮೇಲೆಯೇ ಗ್ರಂಥಕಾರ ಅದನ್ನು ಹೇಳುವುದು. ಅಲ್ಲಿ ಸ್ಮರಿಸಬೇಕಾದ ಬುದ್ಧರೂ ಅನೇಕರು, ಅಮಿತಾಭ ಅವರಲ್ಲೊಬ್ಬ. ಕೃತಿ ನಾಗಾರ್ಜುನನದೇ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದೊಂದೇ ಆಧಾರವಾಗಿದ್ದರೆ ಈ ಗುರುಸಂಬಂಧ ಬಹಳ ತೆಳು.

ನನ್ನ ಮಟ್ಟಿಗೆ ನಿಜವಾದ ಪ್ರಭಾವ ಕಾಣುವುದು ಚೀನಾದ ತಾನ್‌ಲುವಾನ್‌ನಲ್ಲಿ (476–542). ಸುಖಾವತಿಯ ಕುರಿತು ವಸುಬಂಧು ಬರೆದ ಗ್ರಂಥಕ್ಕೆ ಭಾಷ್ಯ ಬರೆಯುವ ಈತ ಮಾಧ್ಯಮಿಕ ಶಾಸ್ತ್ರಗಳಲ್ಲಿ ಪಳಗಿದವನು. ದೋಣಿಯ ಹೋಲಿಕೆಯಿಂದಲೇ ಭಾಷ್ಯವನ್ನು ಆರಂಭಿಸಿದರೂ ಅವನು ಅಲ್ಲಿಗೆ ನಿಲ್ಲುವುದಿಲ್ಲ. ನನ್ನನ್ನು ಕಾಡಿದ ಪ್ರಶ್ನೆಯನ್ನು ಅವನೇ ಎತ್ತುತ್ತಾನೆ: ಜೀವಿಗಳಿಗೆ ಹುಟ್ಟೇ ಇಲ್ಲವೆಂದ ಮೇಲೆ ಸುಖಾವತಿಯಲ್ಲಿ ಹುಟ್ಟಬೇಕೆಂಬ ಆಸೆ ಏಕೆ? ಜನ ಕಲ್ಪಿಸಿಕೊಳ್ಳುವಂಥ ಗಟ್ಟಿ ಹುಟ್ಟು ಇಲ್ಲ, ಕಾರಣಗಳ ಕೂಟಕ್ಕೆ ವ್ಯವಹಾರದಲ್ಲಿ ಹುಟ್ಟು ಎನ್ನುತ್ತೇವೆ ಎಂಬುದು ಅವನ ಉತ್ತರ. ಇದು ಅಪ್ಪಟ ನಾಗಾರ್ಜುನನ ದಾರಿ.

ಹಾಗಾದರೆ ಈ ಸೂಕ್ಷ್ಮ ತಿಳಿಯದ ಸಾಮಾನ್ಯ ಭಕ್ತನ ಗತಿಯೇನು? ಮಂಜುಗಡ್ಡೆಯ ಮೇಲೆ ಬೆಂಕಿ ಹಾಕಿದಂತೆ ಎನ್ನುತ್ತಾನೆ ತಾನ್‌ಲುವಾನ್. ಉರಿ ಜೋರಾದರೆ ಮಂಜು ಕರಗುತ್ತದೆ. ಮಂಜು ಕರಗಿದರೆ ಬೆಂಕಿಯೂ ಆರುತ್ತದೆ. ಹುಟ್ಟು ನಿಜವೆಂದು ನಂಬಿ ಹಂಬಲಿಸಿದವನೂ ಕೊನೆಗೆ ಹುಟ್ಟಿಲ್ಲದ ನಿಲುವಿಗೇ ಸೇರುತ್ತಾನೆ. ಇಲ್ಲಿ ಶೂನ್ಯವು ಭಕ್ತಿಯನ್ನು ಅಲ್ಲಗಳೆಯುತ್ತಿಲ್ಲ, ಅದು ಕೆಲಸ ಮಾಡುವ ಬಗೆಯನ್ನು ವಿವರಿಸುತ್ತಿದೆ.

ಆದರೂ ಒಂದು ಅಳುಕು ಉಳಿಯಿತು. ತಿಳಿದವನು ಮೇಲೆ ನಿಂತು ತಿಳಿಯದವನಿಗೆ ಕೊಡುವ ರಿಯಾಯಿತಿಯಲ್ಲವೇ ಇದು? ಆ ಗದರಿಕೆಯೇ ಇಲ್ಲಿ ಮೃದುವಾಗಿ ಮರಳಿದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಮತ್ತೆ ಶಿನ್‌ರಾನ್‌ನಲ್ಲಿ. ಅವನು ತನ್ನ ಹೆಸರಿನ ಜೊತೆಗೇ ‘ಮೂಢ’ ಎಂಬ ಅರ್ಥದ ಪದವನ್ನು ಸೇರಿಸಿಕೊಂಡ. ದೋಣಿ ದುರ್ಬಲರಿಗೆ ಎಂದಾದರೆ, ಗುರುವಾದ ತಾನೂ ಅದರಲ್ಲೇ ಕುಳಿತವನು. ದಡದಲ್ಲಿ ನಿಂತು ಬೈಯುವ ಶಕ್ತರು ಅಲ್ಲಿ ಯಾರೂ ಇಲ್ಲ.