ಒಂದು ಬಂಡಾಯದ ಕಥೆ: ಎರಡು ಪಾಠಗಳು

ರಾಬರ್ಟ್ ಹೈನ್‌ಲೈನರ ‘ಇಫ್ ದಿಸ್ ಗೋಸ್ ಆನ್’ ಎಂಬ ನೀಳ್ಗತೆ 1940ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ವಿಸ್ತೃತ ಪಾಠ 1953ರದು. ಪ್ರವಾದಿಯೆನಿಸಿಕೊಂಡವನ ನಿರಂಕುಶ ಆಳ್ವಿಕೆಗೆ ಸಿಲುಕಿದ ಭಾವೀ ಅಮೆರಿಕವೇ ವಸ್ತು. ಅವನ ಕಾವಲುಭಟನಾದ ಜಾನ್ ಲೈಲ್ ಬಂಡಾಯಗಾರರನ್ನು ಸೇರುತ್ತಾನೆ. ಪ್ರಣಯಪ್ರಸಂಗ ತೀರ ಸಾಮಾನ್ಯ. ವಿಚಾರಾರ್ಹವಾದುದು ಬಂಡಾಯಗಾರರ ಒಂದು ಯೋಜನೆ: ತಲೆಮಾರುಗಳಿಂದ ಮತದ ಅಂಕೆಯಲ್ಲಿ ಬೆಳೆದ ಜನರ ಮನಸ್ಸನ್ನು ಸಂಮೋಹನತಂತ್ರದಿಂದ ತಿದ್ದಿ ಸ್ವಾತಂತ್ರ್ಯಕ್ಕೆ ಅಣಿಗೊಳಿಸುವುದು! ಮೊದಲ ಪಾಠದಲ್ಲಿ ಇದಕ್ಕೆ ಒಪ್ಪಿಗೆಯಿದೆ. 1953ರ ಪಾಠದಲ್ಲಾದರೋ ಮುದುಕನೊಬ್ಬ ಸಭೆಯಲ್ಲಿ ಎದ್ದುನಿಂತು ಅದನ್ನು ಧಿಕ್ಕರಿಸುತ್ತಾನೆ, ಯೋಜನೆ ಬಿದ್ದುಹೋಗುತ್ತದೆ. ಪ್ರವಾದಿಯ ಪೀಠವನ್ನು ಉರುಳಿಸಿ ಅವನ ಉಪಾಯವನ್ನೇ ಉಳಿಸಿಕೊಳ್ಳುವ ವಿಪರ್ಯಾಸವನ್ನು ಲೇಖಕರು 13 ವರ್ಷಗಳ ತರುವಾಯ ಕಂಡುಕೊಂಡರೆಂದು ನನ್ನ ಊಹೆ. ಈ ತಿದ್ದುಪಡಿಯಿಂದಲೇ ಎರಡನೆಯ ಪಾಠ ಮೇಲೆನಿಸುತ್ತದೆ. ಕಲೆಯ ದೃಷ್ಟಿಯಿಂದ ಮುದುಕನ ಪ್ರವೇಶ ಹಠಾತ್ತಾದುದೆಂಬ ಆಕ್ಷೇಪ ಮಾತ್ರ ಉಳಿಯುತ್ತದೆ.